ಆಫ್ರಿಕಾನ ಆಫ್ರಿಕಾದವರ ಕಣ್ಣಲ್ಲೇ ನೋಡ್ಬೇಕಾ? ಹೀಗೆ ಶುರು ಮಾಡಿ

ಮೊದ್ಲು ಕೀನ್ಯಾದ ಬಿನ್ಯವಾಂಗ ವೈನೈನ 2005ರಲ್ಲಿ ಬರೆದ 'ಹೌ ಟು ರೈಟ್ ಅಬೌಟ್ ಆಫ್ರಿಕಾ' ಓದಿ, ಚಿಕ್ಕ ವ್ಯಂಗ್ಯ ಲೇಖನ, ಆದ್ರೆ ಅದಾದ್ಮೇಲೆ ಹೊರಗಿನವರು ಬರೆಯೋ ಸಫಾರಿ, ಸೂರ್ಯಾಸ್ತದ ವರ್ಣನೆ ಎಲ್ಲಾ ಬೇರೆ ಥರಾನೇ ಕಾಣತ್ತೆ.

ಆಮೇಲೆ ನೂ ಸಾರೊ-ವಿವಾ ಅವರ 'ಲುಕಿಂಗ್ ಫಾರ್ ಟ್ರಾನ್ಸ್‌ವಂಡರ್‌ಲ್ಯಾಂಡ್' ಅನ್ನೋ ಪ್ರವಾಸ ಕಥನ ಹಿಡೀರಿ. ಹುಟ್ಟಿದ್ದು ನೈಜೀರಿಯಾ, ಬೆಳೆದಿದ್ದು ಇಂಗ್ಲೆಂಡ್, ಅಪ್ಪ, ಲೇಖಕ-ಹೋರಾಟಗಾರ ಕೆನ್ ಸಾರೊ-ವಿವಾನ 1995ರಲ್ಲಿ ನೈಜೀರಿಯಾದ ಮಿಲಿಟರಿ ಸರ್ಕಾರ ಗಲ್ಲಿಗೇರಿಸ್ತು, ಅಂಥ ದೇಶಕ್ಕೆ ವಾಪಸ್ ಹೋಗಿ ಊರೂರು ಸುತ್ತಿ ಬರೆದಿದ್ದಾರೆ ಅಂದ್ರೆ ಸುಮ್ನೆ ಮಾತಲ್ಲ, ನಿಧಾನವಾಗಿ ಓದಿ, ನಂಗಂತೂ ಇದೇ ಎಲ್ಲಕ್ಕಿಂತ ಇಷ್ಟ.

ಸ್ಪೀಡಾಗಿ ಓದಿಸ್ಕೊಂಡು ಹೋಗೋದು ಬೇಕಂದ್ರೆ ದಕ್ಷಿಣ ಆಫ್ರಿಕಾದ ಸಿಹ್ಲೆ ಖುಮಾಲೊ ಇದ್ದಾರೆ, ಕೇಪ್‌ಟೌನಿಂದ ಕೈರೋವರೆಗೆ ಬಸ್ಸು ರೈಲು ಅಂತ ಜನರ ಜೊತೆನೇ ಹೋದವರು. ಓದುವಾಗ ಪಕ್ಕದಲ್ಲಿ ಮ್ಯಾಪ್ ಇರ್ಲಿ, ಪ್ರತಿ ಗಡಿ ದಾಟಿದಾಗ್ಲೂ ಬೆರಳಿಟ್ಟು ನೋಡಿ.