ಎಂಟಕ್ಕೆ ಐದು ನಿಮಿಷ: ವಲಯದ ಸುದ್ದಿ ಹಂಚಿದ ನನ್ನ ಅನುಭವ

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಒಪ್ಪಿಸಿಬಿಡುತ್ತೇನೆ. 2016ರಲ್ಲಿ ನಮ್ಮ ವಲಯಕ್ಕೊಂದು, ಅಂದರೆ ನಮ್ಮ ಕಥೋಲಿಕ ಚರ್ಚಿಗೆ ಸೇರಿದ ಸುತ್ತಲಿನ ಮನೆಗಳಿಗೊಂದು, ತ್ರೈಮಾಸಿಕ ಪತ್ರಿಕೆ ಮಾಡಿದೆ. ಡಿಟಿಪಿಯೇ ನನ್ನ ಹೊಟ್ಟೆಪಾಡು, ಹಾಗಾಗಿ ಅಕ್ಷರ ಜೋಡಿಸುವುದಕ್ಕೆ ಯಾರ ಹಂಗೂ ಇರಲಿಲ್ಲ. ಹದಿನಾರು ಪುಟ, ನಾನೂರು ಪ್ರತಿ, ಸಂಚಿಕೆಗೆ ಎಂಟೊಂಬತ್ತು ಸಾವಿರ ಖರ್ಚು, ಬೆಲೆ ಹತ್ತು ರೂಪಾಯಿ. ಭಾನುವಾರ ಪೂಜೆ ಬಿಟ್ಟಮೇಲೆ ಬಾಗಿಲಲ್ಲಿ ನಿಂತರೆ ನೂರು ನೂರಿಪ್ಪತ್ತು ಹೋಗುತ್ತಿತ್ತು, ಉಳಿದದ್ದು ನಮ್ಮ ಅಟ್ಟಕ್ಕೆ. ಜಾಹೀರಾತು ಕೊಟ್ಟು ಹೇಳಿದ ದಿನವೇ ದುಡ್ಡನ್ನೂ ಕೊಟ್ಟವರು ಒಬ್ಬರೇ, ಶವಪೆಟ್ಟಿಗೆ ಅಂಗಡಿಯವರು. ಹಿಂಬದಿಯ ರಕ್ಷಾಪುಟದಲ್ಲಿ ಪೆಟ್ಟಿಗೆಯ ಚಿತ್ರ ನೋಡಿ ಮಹಿಳಾ ಸಂಘದವರು ಜಗಳಕ್ಕೇ ಬಂದರು. ನಾಲ್ಕು ಸಂಚಿಕೆಗೆ ನನ್ನ ಕೈಯಿಂದ ಇಪ್ಪತ್ಮೂರು ಸಾವಿರದ ಆಸುಪಾಸು ಹೋಯಿತು.

ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಬೇರೆ. ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ಫೋಟೋ ಅಚ್ಚಾಗಿ ಬರುವ ಹೊತ್ತಿಗೆ ಮಗು ಹೊಸ್ತಿಲು ದಾಟುತ್ತಿತ್ತು. 'ಇವರ ಆರೋಗ್ಯಕ್ಕಾಗಿ ಪ್ರಾರ್ಥಿಸಿ' ಎಂದು ನಾವು ಹಾಕಿದವರು ತೀರಿಹೋಗಿ ಅವರ ತಿಂಗಳ ಪೂಜೆಯೇ ಮುಗಿದುಹೋಗಿತ್ತು.

ಆಮೇಲೆ ಎಲ್ಲರಂತೆ ವಾಟ್ಸಾಪ್ ಗುಂಪು. ಅದರ ಪಾಡು ನಿಮಗೂ ಗೊತ್ತಿರುತ್ತದೆ. ಬೆಳಗಾದರೆ ಗುಲಾಬಿ ಹೂವು, ಮಧ್ಯಾಹ್ನ ಸೈಟು ಮಾರಾಟಕ್ಕಿದೆ, ರಾತ್ರಿ ರಾಜಕೀಯ. ಸಾವಿನ ಸುದ್ದಿಯ ಕೆಳಗೇ ಯಾರೋ ಹೆಬ್ಬೆರಳು ಎತ್ತಿದ ಗುರುತು ಒತ್ತಿದ್ದರು. 2018ರಲ್ಲಿ ಅಡ್ಮಿನ್ ಮಾತ್ರ ಬರೆಯುವ ಸೌಲಭ್ಯ ಬಂದಾಗ ಬಾಗಿಲು ಹಾಕಿದೆ. ಚರ್ಚಿನ ಪಾಲನಾ ಸಮಿತಿಯ ಹಿರಿಯರೊಬ್ಬರು, "ಪೂಜೆಯ ಕೊನೆಗೆ ಪ್ರಕಟಣೆ ಓದ್ತಾರಲ್ಲಪ್ಪ, ಇದ್ಯಾಕೆ? ಬಾಯಿ ಕಟ್ಟಿದ ಗುಂಪು ಎಷ್ಟು ದಿನ ಬಾಳುತ್ತೆ?" ಅಂದರು. ಸಭೆಯೆಲ್ಲ ನಕ್ಕಿತು.

ಅವರ ಮಾತು ಒಂದು ವರ್ಷ ನಿಜವೇ ಆಯಿತು. ದಿನಾ ಸುದ್ದಿ ನಾನೇ ಓದಿ ಧ್ವನಿ ಮೆಸೇಜ್ ಹಾಕುತ್ತಿದ್ದೆ. ಸುಮಾರು ನೂರತೊಂಬತ್ತು ಮನೆಗಳಲ್ಲಿ ಕೇಳುತ್ತಿದ್ದದ್ದು ಮೂವತ್ತು ಮನೆ. ಮೆಸೇಜನ್ನು ಒತ್ತಿಹಿಡಿದರೆ ಯಾರ್ಯಾರು ಕೇಳಿದ್ದಾರೆಂದು ತೋರಿಸುತ್ತದಲ್ಲ, ರಾತ್ರಿ ಮಲಗುವ ಮುಂಚೆ ಆ ಪಟ್ಟಿ ನೋಡಿ ನೋಡಿ ನಿದ್ದೆ ಕೆಡಿಸಿಕೊಂಡೆ. ಬೆಳಿಗ್ಗೆ ಆರಕ್ಕೆ ಹಾಕಿದೆ, ಹಾಲು, ಡಬ್ಬಿ, ಸ್ಕೂಲ್ ವ್ಯಾನಿನ ಗಡಿಬಿಡಿ. ರಾತ್ರಿ ಒಂಬತ್ತೂವರೆಗೆ ಹಾಕಿದೆ, ಅಜ್ಜಿಯರು ಮಲಗಿರುತ್ತಿದ್ದರು. ಎರಡು ಧಾರಾವಾಹಿಗಳ ನಡುವೆ, ಎಂಟಕ್ಕೆ ಐದು ನಿಮಿಷ ಇರುವಾಗ ಹಾಕಿದರೆ ಕೇಳುತ್ತಾರೆಂದು ಕಂಡುಕೊಳ್ಳಲು ಎಂಟು ತಿಂಗಳು ಹಿಡಿಯಿತು. ಆಗಲೂ ಐವತ್ತು ದಾಟಲಿಲ್ಲ.

ದಾರಿ ಸಿಕ್ಕಿದ್ದು 2020ರ ಲಾಕ್‌ಡೌನಿನಲ್ಲಿ. ನಮ್ಮ ಬೀದಿಯ ಅಜ್ಜಿಯೊಬ್ಬರು ತೀರಿಹೋದರು. ಮಣ್ಣಿಗೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರುವಂತಿಲ್ಲ, ಮಗಳು ಮಸ್ಕತ್‌ನಲ್ಲಿ, ವಿಮಾನವೇ ಇಲ್ಲ. ಅವತ್ತು ಓದುವುದಕ್ಕೆ ನನಗೆ ಗಂಟಲು ಬರಲಿಲ್ಲ. ಪಕ್ಕದ ಮನೆಯ ಅಕ್ಕನ ಕೈಗೆ ಫೋನ್ ಕೊಟ್ಟೆ. ಆಕೆ ಸುದ್ದಿ ಹೇಳಲಿಲ್ಲ. ಆ ಅಜ್ಜಿ ಯಾರ ಯಾರ ಬಾಣಂತನ ಮಾಡಿದ್ದರು ಅನ್ನೋದನ್ನೆಲ್ಲ ಹೇಳಿ, ಒಂದು ಪರಲೋಕ ಮಂತ್ರ, ಮೂರು ನಮೋ ಮರಿಯಾ ಹೇಳಿ ಅತ್ತುಬಿಟ್ಟಳು. ನೂರಅರವತ್ತು ಜನ ಕೇಳಿದ್ದರು.

ಅಲ್ಲಿಂದ ನಾನು ಓದುವುದನ್ನೇ ಬಿಟ್ಟೆ. ಯಾರ ಮನೆಯ ಸುದ್ದಿಯೋ ಅವರ ಪಕ್ಕದ ಮನೆಯವರು ಹೇಳಬೇಕು, ಇಷ್ಟೇ ನನ್ನ ವಿಧಾನ. ಸುದ್ದಿ ಇದ್ದವರು ಏಳೂವರೆಯೊಳಗೆ ಮಿಸ್ಡ್ ಕಾಲ್ ಕೊಡುತ್ತಾರೆ, ನಾನು ಪಕ್ಕದ ಮನೆಗೆ ಫೋನ್ ಮಾಡುತ್ತೇನೆ. ನಾಲ್ಕು ನಿಮಿಷದ ಮೇಲೆ ಒಂದು ಉಸಿರೂ ಇಲ್ಲ. ಮೊದಲು ಸುದ್ದಿ, ಆಮೇಲೆ ಪ್ರಾರ್ಥನೆ. ತಿರುಗಿಸಿ ನೋಡಿದೆ, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹುಡುಗರು ಓಡಿಹೋಗುತ್ತಾರೆ. ಮೈಕು ಕಂಡರೆ ನಾಲಿಗೆ ಒಣಗುವ ಹೆಂಗಸರಿಂದ ಸರಾಗವಾಗಿ ಮಾತಾಡಿಸುವುದಕ್ಕೆ ಒಂದು ಉಪಾಯವಿದೆ, ಅದನ್ನಿಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಬಂದರೆ ಕಾಫಿ ಕುಡಿಯುತ್ತ ಹೇಳುತ್ತೇನೆ.

ದೊಡ್ಡ ತಪ್ಪು ಒಂದು ಆಯಿತು. ತಾಯಿಯೊಬ್ಬಳು ಮಗ ಕುಡಿತ ಬಿಡಲಿ ಎಂದು ಪ್ರಾರ್ಥನೆಯ ಬಿನ್ನಹ ಕೊಟ್ಟಳು, ಪಕ್ಕದವರು ಹೆಸರು ಹಿಡಿದೇ ಹೇಳಿದರು, ನಾನು ಕೇಳಿಸಿಕೊಳ್ಳದೆ ಹಾಕಿಬಿಟ್ಟೆ. ಆ ಹುಡುಗ ಮೂರು ತಿಂಗಳು ಚರ್ಚಿನ ಕಡೆ ತಲೆಹಾಕಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಆತ ಬಾಗಿಲು ತೆಗೆದದ್ದು ಮೂರನೇ ಸಲ. ಈಗ ಕುಡಿತ, ಸಾಲ, ಕೋರ್ಟು, ಗಂಡ ಹೆಂಡಿರ ವಿಷಯಕ್ಕೆ 'ಒಂದು ಮನೆಯ ಬಿನ್ನಹ' ಎನ್ನುತ್ತೇವೆ, ಹೆಸರಿಲ್ಲ. ಅದನ್ನು ಮಾತ್ರ ಪಕ್ಕದ ಮನೆಗೆ ಕೊಡುವುದಿಲ್ಲ, ಬೇರೆ ಬೀದಿಯವರಿಂದ ಹೇಳಿಸುತ್ತೇನೆ.

ಹೊತ್ತು ಮುರಿದದ್ದು ಒಂದೇ ಸಲ, 2025ರ ಏಪ್ರಿಲ್ 21. ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಮಾರನೇ ದಿನ, ಪೋಪ್ ಫ್ರಾನ್ಸಿಸ್ ತೀರಿಕೊಂಡರೆಂದು ಟಿವಿಯಲ್ಲಿ ಬರುತ್ತಿದ್ದಂತೆ ಫೋನ್ ಮೇಲೆ ಫೋನ್. ಮಧ್ಯಾಹ್ನವೇ ಹಾಕಿದೆ. ಇವರ ಪಕ್ಕದ ಮನೆ ಯಾವುದು ಎಂದು ಹೆಂಡತಿ ಕೇಳಿದಳು, ಉತ್ತರ ಹೊಳೆಯಲಿಲ್ಲ. ಕೊನೆಗೆ ಚರ್ಚಿನಲ್ಲಿ ಧರ್ಮಪಾಠ ಹೇಳಿಕೊಡುವ ಉಪದೇಶಿಗಳಿಂದ ಹೇಳಿಸಿದೆ.

ನಡುವೆ ಏನೇನೋ ಮಾಡಿದೆ. ಜಪಸರದ, ಅಂದರೆ ರೋಜರಿಯ, ಪ್ರಾರ್ಥನೆಯನ್ನು ಪೂರ್ತಿ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದೆ, ನೋಡಿದವರು ಏಳು ಜನ, ಅದರಲ್ಲಿ ಮೂವರು ನಮ್ಮ ಮನೆಯವರು. ಇನ್ನೊಂದು ಫಲಿಸಿತು. ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ ಲತೀನ್ ಹಾಡುಗಳು ಇನ್ನೂ ಬಾಯಿಪಾಠ. ಅರವತ್ತರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ ಬರುವ ಮುಂಚೆ, ಅರ್ಥ ಗೊತ್ತಿಲ್ಲದೆ ಕಿವಿಯಲ್ಲೇ ಕಲಿತದ್ದು. ಸುದ್ದಿ ಇಲ್ಲದ ಒಂದು ಮಂಗಳವಾರ ಅದನ್ನು ಹಾಡಿಸಿ ಹಾಕಿದೆ. ನೂರಎಂಬತ್ತು ಚಿಲ್ಲರೆ ಜನ ಕೇಳಿದರು, ಇವತ್ತಿಗೂ ಅದೇ ದಾಖಲೆ. ಈಗ ಹಳೆಯ ಹಾಡುಗಳ ಬೇಟೆಗೆ ಭಾನುವಾರ ಊರೂರು ಸುತ್ತುತ್ತಿದ್ದೇನೆ, ಪೆಟ್ರೋಲಿನ ಲೆಕ್ಕ ಹೆಂಡತಿಗೆ ಹೇಳಿಲ್ಲ.

ಖರ್ಚು ಅಂದರೆ ಹಳೆಯ ಫೋನೊಂದಕ್ಕೆ ಆರು ಸಾವಿರ ಕೊಟ್ಟದ್ದು. ರೀಚಾರ್ಜನ್ನು ಕುವೈತ್‌ನಲ್ಲಿ ನರ್ಸ್ ಆಗಿರುವ ನಮ್ಮೂರ ಹುಡುಗಿ ಹಾಕಿಸುತ್ತಾಳೆ. ಅಟ್ಟದ ಪತ್ರಿಕೆಗಳು ರದ್ದಿಗೆ ಹೋಗಿ ನಾನೂರು ರೂಪಾಯಿ ಬಂತು.

ಸಭೆಯನ್ನು ನಗಿಸಿದ ಆ ಹಿರಿಯರ ಮೊಮ್ಮಗಳು ಈಚೆಗೆ ಮೊದಲ ಪರಮಪ್ರಸಾದ, ಅಂದರೆ ಫಸ್ಟ್ ಕಮ್ಯುನಿಯನ್, ಸ್ವೀಕರಿಸಿದಳು. ಮಿಸ್ಡ್ ಕಾಲ್ ಬಂದದ್ದು ಏಳು ನಲವತ್ತಕ್ಕೆ. "ನಾಳೆ ಹಾಕ್ತೀನಿ ಸರ್, ಹೊತ್ತು ಮೀರಿದೆ" ಅಂದೆ.