ಟ್ರಾಮ್ ಬಿಟ್ಟು ನಡೆದೇ ಹತ್ತಿದ ವಿಕ್ಟೋರಿಯಾ ಪೀಕ್

ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಹೋದಾಗ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಅಲ್ಲಿನ ವಿಕ್ಟೋರಿಯಾ ಪೀಕ್ ಗುಡ್ಡಕ್ಕೆ ಬಹಳಷ್ಟು ಪ್ರವಾಸಿಗರು ಪೀಕ್ ಟ್ರಾಮ್ ಅನ್ನುವ ಗುಡ್ಡ ಹತ್ತುವ ರೈಲಿನಲ್ಲೇ ಹೋಗುತ್ತಾರೆ. 1888ರಲ್ಲಿ ಶುರುವಾದ ಗಾಡಿ, ಚೆನ್ನಾಗಿಯೇ ಇದೆ. ಆದರೆ ಕ್ಯೂ ಹನುಮಂತನ ಬಾಲ. ಅದಕ್ಕೇ ನಡೆದು ಹೋದೆ.

ಮೊದಲ ಏರನ್ನು ಎಸ್ಕಲೇಟರೇ ಹತ್ತಿಸುತ್ತದೆ. ಮಾಲ್ ಒಳಗಿನದಲ್ಲ, ಬೀದಿಯ ಮೇಲೇ ಇರುವುದು. ಕೆಳಗಿನ ಆಫೀಸುಗಳ ಬಡಾವಣೆ ಸೆಂಟ್ರಲ್‌ನಿಂದ ಗುಡ್ಡದ ಮೇಲಿನ ಕಾಂಡ್ಯೂಟ್ ರೋಡ್ ತನಕ ತುಂಡು ತುಂಡಾಗಿ ಸುಮಾರು 800 ಮೀಟರ್ ಹೋಗುತ್ತದೆ. ಟಿಕೆಟ್ ಇಲ್ಲ. ಬೆಳಗ್ಗೆ 10 ಗಂಟೆವರೆಗೆ ಕೆಳಕ್ಕೆ ಮಾತ್ರ ಓಡುತ್ತದೆ, ಮೇಲಿನವರು ಆಫೀಸಿಗೆ ಇಳಿಯುವ ಹೊತ್ತು ಅಲ್ವಾ! ಆಮೇಲೆ ಮೇಲಕ್ಕೆ.

ಕಾಂಡ್ಯೂಟ್ ರೋಡ್‌ನಲ್ಲಿ ಬಲಕ್ಕೆ ತಿರುಗಿ, ಪಶ್ಚಿಮಕ್ಕೆ ನಡೆದು ಹ್ಯಾಟನ್ ರೋಡ್ ಸೇರಿದೆ. ಇದಕ್ಕೆ ಮಾರ್ನಿಂಗ್ ಟ್ರೇಲ್ ಅಂತಲೂ ಹೆಸರು. ಹತ್ತು ನಿಮಿಷ ನಡೆದರೆ ಸಾಕು, ಮೂವತ್ತು ನಲವತ್ತು ಮಹಡಿಯ ಮನೆಗಳು ಹಿಂದೆ ಬಿದ್ದು ಕಾಡು ಶುರು. ಕಾಂಕ್ರೀಟ್ ದಾರಿ, ಏರು ಮಾತ್ರ ಬಿಡುವುದೇ ಇಲ್ಲ. ಕುಮಾರ ಪರ್ವತ ಹತ್ತಿದವರು ಇದನ್ನು ಟ್ರೆಕ್ಕಿಂಗ್ ಅಂದರೆ ನಗುತ್ತಾರೆ, ನಿಜ. ಆದರೆ ಅಲ್ಲಿನ ಸೆಕೆಯ ಕತೆಯೇ ಬೇರೆ. ಬೇಸಿಗೆಯಲ್ಲಿ ಅಂಗಿ ಹಿಂಡಬೇಕು. ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ನೀರಿನ ಬಾಟಲಿ ಮಾತ್ರ ಮರೆಯಬೇಡಿ.

ಒಂದು ಗಂಟೆ ಏರಿದರೆ ಲುಗಾರ್ಡ್ ರೋಡ್. ಬ್ರಿಟಿಷ್ ಗವರ್ನರ್ ಫ್ರೆಡರಿಕ್ ಲುಗಾರ್ಡ್ ಹೆಸರಿನ ದಾರಿ. ಇಲ್ಲಿಂದ ಏರು ಮುಗಿಯಿತು, ಗುಡ್ಡದ ಸೊಂಟ ಸುತ್ತಿಕೊಂಡು ಸಮತಟ್ಟಾಗಿ ಹೋಗುತ್ತದೆ. ಕೆಲವು ಕಡೆ ಬಂಡೆಗೆ ಅಂಟಿಕೊಂಡು ಕಂಬಗಳ ಮೇಲೆ ನಿಂತಿದೆ. ಬಿಳಲು ಬಿಟ್ಟ ರಬ್ಬರ್ ಮರಗಳಿವೆ. ಇವು ತೋಟದ ರಬ್ಬರ್ ಅಲ್ಲ, ನಮ್ಮ ಆಲದ ಜಾತಿಯವೇ, ಈಶಾನ್ಯ ಭಾರತದ ಕಡೆಯ ಮರ.

ಮರಗಳು ಸರಿದ ಕಡೆ ಬಂದರು ಪೂರ್ತಿ ಕಾಣುತ್ತದೆ. 412 ಮೀಟರ್ ಎತ್ತರದ ಐಎಫ್‌ಸಿ ಕಟ್ಟಡದ ತುದಿ ಹೆಚ್ಚುಕಡಿಮೆ ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ! ಆಚೆ ದಡದ ಕೌಲೂನ್‌ನಲ್ಲಿ ಐಸಿಸಿ ಅನ್ನುವ ಕಟ್ಟಡ 484 ಮೀಟರ್, ಅದು ಇನ್ನೂ ಮೇಲೆ. ನಡುವಿನ ನೀರಿನಲ್ಲಿ ಜನರನ್ನು ದಾಟಿಸುವ ಸ್ಟಾರ್ ಫೆರಿ ದೋಣಿ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದೆ. ಪಕ್ಕದಲ್ಲೇ ಸರಕು ದೋಣಿ, ಟಗ್ ಬೋಟು. ಇಷ್ಟು ಸಂದಣಿಯಲ್ಲಿ ಒಂದಕ್ಕೊಂದು ತಾಗದೆ ಹೇಗೆ ಹೋಗುತ್ತವೋ ಅಂತ ಸುಮ್ನೆ ನೋಡುತ್ತಾ ನಿಂತಿದ್ದೆ. ಬೆಳಕಿರುವಾಗಲೇ ತಲುಪಿ, ದೀಪ ಹತ್ತುವ ತನಕ ಕಾಯಿರಿ.

ಮುಂದೆ ಪೀಕ್ ಟವರ್‌ನ ತಾರಸಿಗೆ ದುಡ್ಡು ಕೊಡಬೇಕು. ನನಗೆ ಈ ರಸ್ತೆಯ ನೋಟವೇ ಜಾಸ್ತಿ ಇಷ್ಟವಾಯಿತು. ನಿಜವಾದ ತುದಿ 552 ಮೀಟರ್, ಅಲ್ಲಿ ರೇಡಿಯೋ ಕಂಬಗಳಿಗೆ ಬೇಲಿ ಹಾಕಿದ್ದಾರೆ, ಒಳಗೆ ಬಿಡುವುದಿಲ್ಲ.

ಇಳಿಯಲು 15ನೇ ನಂಬರ್ ಬಸ್ಸು ಹಿಡಿದೆ, ಸೀದಾ ಸೆಂಟ್ರಲ್‌ಗೆ ಬರುತ್ತದೆ. ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಬಿಡಬೇಡಿ. ಬಸ್ಸು, ರೈಲಿಗೆ ದುಡ್ಡು ಕಟ್ಟುವ ಆಕ್ಟೋಪಸ್ ಕಾರ್ಡಿನಲ್ಲಿ ದುಡ್ಡಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಚಿಲ್ಲರೆ ಕೊಡುವ ಕಂಡಕ್ಟರ್ ಅಲ್ಲಿಲ್ಲ.