ಬೋಲ್ಟು ಬಿಗಿ ಮಾಡಿದರೆ ಸಾಲದು, ಬಿಗಿಯಾಗಿಯೇ ಉಳಿಯಬೇಕು

ಮನೆಯಲ್ಲಿ ವಿಮಾನ ಕಟ್ಟುವವರು ರೆಕ್ಕೆ, ರಿವೆಟ್ಟು, ಪೇಂಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಕಣ್ಣು ಮಾತ್ರ ಮೊದಲು ಹೋಗುವುದು ನಟ್ಟು, ಬೋಲ್ಟು, ವೈರುಗಳ ಮೇಲೆ. ನಾನು ಅಮೆರಿಕದಲ್ಲಿ, ನಮ್ಮ ಗ್ಯಾರೇಜಿನಲ್ಲಿ, ಆರ್‌ವಿ-7 ಎಂಬ ಎರಡು ಸೀಟಿನ ಕಿಟ್ ವಿಮಾನ ಕಟ್ಟುತ್ತಿದ್ದೇನೆ. ಅದರ ಮೂತಿಯಲ್ಲಿ ಕೂರುವುದು ನಾಲ್ಕು ಸಿಲಿಂಡರಿನ ಲೈಕಮಿಂಗ್ ಎಂಜಿನ್. ನಿಮಿಷಕ್ಕೆ 2,400 ಸುತ್ತು ಅಂದರೆ ಸೆಕೆಂಡಿಗೆ 40 ಸುತ್ತು, 80 ಸ್ಫೋಟ. ಆ ನಡುಕ ವಿಮಾನದ ಬಾಲದವರೆಗೂ ಹೋಗುತ್ತದೆ. ಸಡಿಲವಾಗಲು ಸಾಧ್ಯವಿರುವುದೆಲ್ಲ ಒಂದು ದಿನ ಸಡಿಲವಾಗುತ್ತದೆ.

ಆದ್ದರಿಂದ ಪ್ರತಿ ಬೋಲ್ಟಿಗೂ ಎರಡು ಪ್ರಶ್ನೆ ಕೇಳಿ. ಎಷ್ಟು ಬಿಗಿ ಮಾಡಿದ್ದೇನೆ? ಅದು ತಿರುಗದಂತೆ ಹಿಡಿದಿರುವುದು ಯಾವುದು? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಕೆಲಸ ಮುಗಿದಿಲ್ಲ.

ಮೊದಲ ಪ್ರಶ್ನೆಗೆ ಟಾರ್ಕ್ ವ್ರೆಂಚ್, ಅಂದರೆ ತಿರುಗಿಸುವ ಬಲ (ಟಾರ್ಕ್) ಅಳೆಯುವ ಸ್ಪ್ಯಾನರ್, ಬೇಕೇ ಬೇಕು, ಕೈಯ ಅಂದಾಜು ನಡೆಯುವುದಿಲ್ಲ. ವಿಮಾನದ ಬೋಲ್ಟುಗಳ ಅಳತೆಗೆ ಎಎನ್ ಸಂಖ್ಯೆಗಳಿವೆ: ಎಎನ್3 ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ಇಂಚು-ಪೌಂಡ್, ಎಎನ್4ಕ್ಕೆ 50ರಿಂದ 70. ನಿಮ್ಮ ಕಿಟ್ಟಿನ ನಕ್ಷೆ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ತಾನಾಗಿ ಸಡಿಲವಾಗದಂತೆ ಬಿಗಿಯಾಗಿ ಕೂರುವ ಲಾಕ್‌ನಟ್ಟು ಸುಮ್ನೆ ತಿರುಗಲಿಕ್ಕೇ ಸ್ವಲ್ಪ ಬಲ ಕೇಳುತ್ತದೆ. ಆ ಬಲವನ್ನು ಅಳೆದು ಈ ಅಂಕಿಗೆ ಕೂಡಿಸಿಕೊಳ್ಳಬೇಕು. ಸಾಧ್ಯವಾದಲ್ಲೆಲ್ಲ ಬೋಲ್ಟಿನ ತಲೆ ಹಿಡಿದು ನಟ್ಟನ್ನೇ ತಿರುಗಿಸಿ. ಮುಗಿದ ಮೇಲೆ ನಟ್ಟಿನಾಚೆ ಬೋಲ್ಟಿನ ಕನಿಷ್ಠ ಒಂದು ಥ್ರೆಡ್ ಕಾಣಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ಜಾಗ ನೋಡಿ ಬದಲಾಗುತ್ತದೆ. ಕದಲದೆ ನಿಲ್ಲುವ ಜೋಡಣೆಗೆ ಒಳಗೆ ನೈಲಾನ್ ಉಂಗುರವಿರುವ ಎಎನ್365 ಲಾಕ್‌ನಟ್ಟು ಸಾಕು. ಬೆರಳಲ್ಲೇ ಕೊನೆಯವರೆಗೆ ತಿರುಗಿತೋ, ಅದನ್ನು ಬಿಸಾಕಿ. 250 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಕಡೆ, ಅಂದರೆ ಎಂಜಿನ್ ಸುತ್ತಮುತ್ತ, ಅದು ಬೇಡ. ಅಲ್ಲಿಗೆ ಪೂರ್ತಿ ಲೋಹದ ಲಾಕ್‌ನಟ್ಟು. ಬೋಲ್ಟೇ ತಿರುಗಬಹುದಾದ ಕಡೆ, ಉದಾಹರಣೆಗೆ ಕಂಟ್ರೋಲುಗಳ ಕೀಲಿನಲ್ಲಿ, ಮೇಲೆ ಸೀಳುಗಳಿರುವ ಕ್ಯಾಸಲ್ ನಟ್ಟು, ಮತ್ತು ಆ ಸೀಳು ಹಾಗೂ ಬೋಲ್ಟಿನ ತೂತಿನಲ್ಲಿ ತೂರಿಸಿ ಮಡಚುವ ಕಾಟರ್ ಪಿನ್. ಮೊದಲು ಟಾರ್ಕಿನ ಕೆಳಮಿತಿಗೆ ಬಿಗಿ ಮಾಡಿ, ಆಮೇಲೆ ಸೀಳೂ ತೂತೂ ಸೇರುವವರೆಗೆ ಇನ್ನಷ್ಟು ತಿರುಗಿಸಿ. ಮೇಲ್ಮಿತಿ ಮುಟ್ಟಿದರೂ ತೂತು ಸೇರದಿದ್ದರೆ ವಾಷರ್ ಬದಲಿಸಿ. ತೂತು ಸೇರಿಸಲು ನಟ್ಟನ್ನು ಹಿಂದಕ್ಕೆ ಸಡಿಲಿಸಬೇಡಿ.

ರಾಡ್-ಎಂಡ್ ಬೇರಿಂಗ್, ಅಂದರೆ ರಾಡಿನ ತುದಿಯಲ್ಲಿ ಎಲ್ಲ ಕಡೆ ಹೊರಳುವ ಗುಂಡಿನ ಕೀಲು, ಇರುವ ಕಡೆ ಬೋಲ್ಟಿನ ತಲೆ ಅಥವಾ ನಟ್ಟಿನ ಕೆಳಗೆ ಒಂದು ಅಗಲದ ವಾಷರ್ ಹಾಕುವುದುಂಟು. ಬೇರಿಂಗಿನ ಗುಂಡು ಕಿತ್ತು ಬಂದರೂ ರಾಡು ಬೋಲ್ಟಿನಿಂದ ಕಳಚಿಹೋಗದಂತೆ ಆ ವಾಷರ್ ತಡೆಯುತ್ತದೆ. ಯಾರೋ ಎಂದೋ ಎಷ್ಟು ದೂರ ಯೋಚಿಸಿದ್ದಾರೆ ನೋಡಿ! ಅದನ್ನು ಹಾಕುವಾಗಲೆಲ್ಲ ನನಗೆ ಅವರ ಮೇಲೆ ಗೌರವ ಬರುತ್ತದೆ.

ಈಗ ಸೇಫ್ಟಿ ವೈರ್, ಅಂದರೆ ಬೋಲ್ಟು ಬಿಚ್ಚಿಕೊಳ್ಳದಂತೆ ಕಟ್ಟುವ ತಂತಿ. ನನಗೆ ತುಂಬಾ ಇಷ್ಟದ ಕೆಲಸ, ಅವಸರ ಮಾಡಿದರೆ ಕೆಡುವ ಕೆಲಸವೂ ಇದೇ. ಪ್ರೊಪೆಲ್ಲರ್ ಬೋಲ್ಟು, ಆಯಿಲ್ ಫಿಲ್ಟರ್, ಡ್ರೈನ್ ಪ್ಲಗ್ಗು, ಹೀಗೆ ತಲೆಯಲ್ಲಿ ತೂತಿರುವ ಭಾಗಗಳಿಗೆ 0.032 ಇಂಚಿನ ಸ್ಟೇನ್‌ಲೆಸ್ ತಂತಿ ಬಳಸಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕತ್ತರಿಸಿದ ತುದಿ ಚಿಮ್ಮುತ್ತದೆ. ಮೊದಲ ಬೋಲ್ಟಿನ ತೂತಿನಲ್ಲಿ ತಂತಿ ತೂರಿಸಿ, ಒಂದು ಎಳೆಯನ್ನು ತಲೆಯ ಸುತ್ತ ತಂದು ಇನ್ನೊಂದರ ಜೊತೆ ಸೇರಿಸಿ. ಇಲ್ಲಿ ನಿಂತು ನೋಡಿ: ತಂತಿ ಎಳೆದರೆ ಬೋಲ್ಟು ಬಿಗಿಯಾಗುವ ದಿಕ್ಕಿಗೆ ತಿರುಗುವಂತಿದೆಯೇ? ಬಿಚ್ಚುವ ದಿಕ್ಕಿಗಿದ್ದರೆ ತಂತಿ ಎಷ್ಟು ಚೆಂದ ಇದ್ದರೂ ಉಪಯೋಗವಿಲ್ಲ. ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಸಾಮಾನ್ಯ ಥ್ರೆಡ್ಡಿನ ಎರಡು ಬೋಲ್ಟುಗಳ ನಡುವೆ ತಂತಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಹೋಗುತ್ತದೆ.

ಇಂಚಿಗೆ 6ರಿಂದ 8 ಸುತ್ತು ಬರುವಂತೆ ಹುರಿ ಮಾಡಿ. ಕಡಿಮೆಯಾದರೆ ಎಳೆಗಳು ಆಡುತ್ತವೆ, ಜಾಸ್ತಿಯಾದರೆ ತಂತಿ ಗಡುಸಾಗಿ ಮುರಿಯುತ್ತದೆ. ಎರಡನೆಯ ಬೋಲ್ಟಿನಲ್ಲಿ ತೂರಿಸಿದ ಮೇಲೆ ಹುರಿಯ ದಿಕ್ಕು ತಿರುಗಿಸಿ, ಅರ್ಧ ಇಂಚಿನಷ್ಟು ಬಾಲ ಬಿಟ್ಟು, ತುದಿಯನ್ನು ಒಳಕ್ಕೆ ಮಡಚಿ. ಮುಂದೆ ಅಲ್ಲಿ ಕೈಹಾಕುವ ಮೆಕ್ಯಾನಿಕ್ಕಿನ ಬೆರಳು ಉಳಿಯಬೇಕಲ್ವಾ? ಇಕ್ಕಳದಿಂದ ತಂತಿಗೆ ಗೀರು ಬಿದ್ದರೆ ಕತ್ತರಿಸಿ ಹೊಸದಾಗಿ ಶುರು ಮಾಡಿ. ಬಿಚ್ಚಿದ ತಂತಿಯನ್ನು ಮತ್ತೆ ಬಳಸಬೇಡಿ. ಕತ್ತರಿಸಿದ ಪ್ರತಿ ತುಂಡೂ ಡಬ್ಬಿಗೆ ಸೇರಲಿ. ಬೋಲ್ಟು ಸರಿಯಾದ ಟಾರ್ಕಿಗೆ ಬಂದ ಮೇಲಷ್ಟೇ ಇದೆಲ್ಲ. ಸಡಿಲ ಬೋಲ್ಟಿಗೆ ತಂತಿ ಕಟ್ಟಿದರೆ ಅದು ಬಿಗಿಯಾಗುವುದಿಲ್ಲ.

ಥ್ರೆಡ್ಡಿಗೆ ಹಚ್ಚುವ ಅಂಟು, ನೀಲಿ ಲಾಕ್‌ಟೈಟ್ ಬಗ್ಗೆ ಒಂದೇ ಮಾತು: ಸೇಫ್ಟಿ ವೈರ್ ಅಥವಾ ಕಾಟರ್ ಪಿನ್ ಕೇಳಿದ ಕಡೆ ಅದು ಬದಲಿ ಅಲ್ಲ, ಕಾಕ್‌ಪಿಟ್ಟಿನ ಮೇಲಿನ ಪಾರದರ್ಶಕ ಅಕ್ರಿಲಿಕ್ ಮುಚ್ಚಳದ (ಕ್ಯಾನೊಪಿ) ಹತ್ತಿರವಂತೂ ತರಲೇಬೇಡಿ, ಮುಚ್ಚಳ ಬಿರುಕು ಬಿಡುತ್ತದೆ.

ಬಿಗಿ ಮಾಡಿದ ಕೂಡಲೇ ನಟ್ಟಿನಿಂದ ಪಕ್ಕದ ಲೋಹದವರೆಗೆ ಟಾರ್ಕ್ ಸೀಲ್ ಎಂಬ, ಒಣಗಿ ಗಟ್ಟಿಯಾಗುವ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಒಡೆದಿದ್ದರೆ ನಟ್ಟು ಕದಲಿದೆ ಎಂದು ಟಾರ್ಚ್ ಬೆಳಕಲ್ಲೇ ಗೊತ್ತಾಗುತ್ತದೆ.

ವೈರಿಂಗಿನಲ್ಲೂ ಶತ್ರು ಅದೇ ನಡುಕ. ಕಾರಿನ ಪಿವಿಸಿ ವೈರ್ ಬೇಡ. ಉರಿದರೆ ಅದರ ಹೊಗೆ ವಿಷ, ಕಾಕ್‌ಪಿಟ್ಟಿನಲ್ಲಿ ಓಡಿಹೋಗಲು ಜಾಗವಿಲ್ಲ. ಟೆಫ್‌ಝೆಲ್ ಹೊದಿಕೆಯ ವೈರ್ ತನ್ನಿ, 150 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ತುದಿಗೆ ಉಂಗುರದ ಟರ್ಮಿನಲ್ ಹಾಕಿ. ಸ್ಕ್ರೂ ಸ್ವಲ್ಪ ಸಡಿಲವಾದರೂ ಅದು ಜಾರಿ ಬರುವುದಿಲ್ಲ. ಟರ್ಮಿನಲ್ಲನ್ನು ವೈರಿಗೆ ಒತ್ತಿ ಕೂರಿಸಲು (ಕ್ರಿಂಪ್) ರಾಚೆಟ್ ಇರುವ ಉಪಕರಣವೇ ಬೇಕು, ಪೂರ್ತಿ ಒತ್ತುವವರೆಗೆ ಅದು ಬಿಡುವುದಿಲ್ಲ. ಪ್ರತಿಯೊಂದನ್ನೂ ಗಟ್ಟಿಯಾಗಿ ಎಳೆದು ನೋಡಿ. ಬೆಸುಗೆ ಹಾಕುವುದಾದರೆ ವೈರಿಗೆ ಪಕ್ಕದಲ್ಲೇ ಆಸರೆ ಕೊಡಿ. ಕರಗಿದ ಬೆಸುಗೆ ವೈರಿನ ಎಳೆಗಳೊಳಗೆ ಏರಿ ಗಡುಸಾಗುತ್ತದೆ, ಅದು ಮುಗಿಯುವ ಜಾಗದಲ್ಲೇ ವೈರ್ ತುಂಡಾಗುತ್ತದೆ.

ವೈರಿನ ಕಟ್ಟಿಗೆ 24 ಇಂಚಿನೊಳಗೆ ಒಂದರಂತೆ ರಬ್ಬರ್ ಮೆತ್ತೆಯ ಕ್ಲ್ಯಾಂಪ್ ಹಾಕಿ. ನಡುವೆ ಕೈಯಿಂದ ಒತ್ತಿದರೆ ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಬಾರದು. ಲೋಹದ ತೂತಿನಲ್ಲಿ ಹಾದುಹೋಗುವ ಕಡೆ ಅಂಚಿಗೆ ಗ್ರಾಮೆಟ್, ಅಂದರೆ ರಬ್ಬರಿನಂಥ ಉಂಗುರ, ಇರಲಿ. ಕಂಟ್ರೋಲ್ ಕೇಬಲ್ಲಿನಿಂದ 3 ಇಂಚು ದೂರ. ಇಂಧನದ ಕೊಳವೆಯ ಮೇಲ್ಗಡೆ ವೈರ್ ಹೋಗಲಿ, ಕೆಳಗೆ ಬೇಡ. ಸೋರಿದರೆ ತೊಟ್ಟಿಕ್ಕುವುದು ಕೆಳಕ್ಕೇ ತಾನೇ. ಎಂಜಿನ್ ಹೊತ್ತಿರುವ ಚೌಕಟ್ಟಿನ (ಎಂಜಿನ್ ಮೌಂಟ್) ಉಕ್ಕಿನ ಕೊಳವೆಗೆ ಬರೀ ಪ್ಲಾಸ್ಟಿಕ್ ಟೈ ಬಿಗಿಯಬೇಡಿ. ಅದರಡಿ ಸೇರಿದ ಧೂಳು ಉಕ್ಕನ್ನೇ ಸವೆಸುತ್ತದೆ. ಅಲ್ಲಿಗೂ ಕ್ಲ್ಯಾಂಪೇ.

ಇನ್ನೊಬ್ಬರ ಕಣ್ಣಿಗೂ ತೋರಿಸಿ. ಇಲ್ಲಿ ಹವ್ಯಾಸಿ ವಿಮಾನ ಕಟ್ಟುವವರ ಸಂಸ್ಥೆಯಾದ ಇಎಎಯ ಟೆಕ್ನಿಕಲ್ ಕೌನ್ಸಿಲರುಗಳು ಸ್ವಯಂಸೇವಕರಾಗಿ ಮನೆಗೇ ಬಂದು ನೋಡುತ್ತಾರೆ. ಪ್ಯಾನೆಲ್ ಮುಚ್ಚುವ ಮೊದಲೇ ಕರೆಯಿರಿ. ಮೊದಲ ಹಾರಾಟ ಮುಗಿದು ಎಂಜಿನ್ ತಣ್ಣಗಾದ ಮೇಲೆ ಎಂಜಿನ್ನಿನ ಹೊರಕವಚ (ಕೌಲಿಂಗ್) ಬಿಚ್ಚಿ, ಪ್ರತಿ ಗೆರೆ, ಪ್ರತಿ ತಂತಿ, ಪ್ರತಿ ಕ್ಲ್ಯಾಂಪ್ ನೋಡಿ, ಆಮೇಲಷ್ಟೇ ಎರಡನೆಯ ಹಾರಾಟ.